ತಟ್ಟೆಯ ಹಿಂದೆ ‘ನಿಪ್ಪಾನ್’ ಅಂತಿದೆ, ನಿಜವಾಗಿಯೂ ನೂರು ವರ್ಷ ಹಳೆಯದಾ?

ಸುಮಾ_ನಾಗೋಯಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾಗೋಯಾಗೆ ಬಂದ ಮೇಲೆ ನನಗೊಂದು ಹೊಸ ಚಟ ಹತ್ತಿದೆ. ಓಸು ಕನ್ನೊನ್ ದೇವಸ್ಥಾನದ ಅಂಗಳದಲ್ಲಿ ಪ್ರತಿ ತಿಂಗಳು 18 ಮತ್ತು 28ನೇ ತಾರೀಕು ಹಳೆ ಸಾಮಾನಿನ ಸಂತೆ ನಡೆಯುತ್ತಲ್ಲ, ಅಲ್ಲಿಗೆ ಹೋಗದೆ ಇರೋಕೆ ಆಗುತ್ತಿಲ್ಲ. ಮೊದಲೆಲ್ಲ ಸುಮ್ನೆ ನೋಡಿ ಬರುತ್ತಿದ್ದೆ. ಈ ಸಲ ಪಿಂಗಾಣಿ ಕೊಂಡೆ. ಈಗ ಮನೆಯಲ್ಲಿ ಇಟ್ಟುಕೊಂಡು ಏನಿದು ಅಂತ ತಲೆ ಕೆರೆದುಕೊಳ್ಳುತ್ತಿದ್ದೇನೆ.

ಮೂರು ಬಗೆ ಇವೆ.

ಮೊದಲನೆಯದು ಊಟದ ತಟ್ಟೆಗಳು ಮತ್ತು ಕಪ್ಪು, ಸಾಸರು. ಬಿಳಿ ಬಣ್ಣ. ತೆಳು ಬೂದು ಎಲೆಗಳು ಒಂದು ಬದಿಯಿಂದ ಬಾಗಿ ಬಂದಿವೆ. ಅಂಚಿಗೆ ಬೆಳ್ಳಿಯಂಥ ಗೆರೆ. ಹಿಂದೆ ಎಲೆಮಾಲೆಯ ಒಳಗೆ ಇಂಗ್ಲಿಷಿನ ಎನ್ ಅಕ್ಷರ, ಅದರ ಜೊತೆ ನೋರಿತಾಕೆ, ನಿಪ್ಪಾನ್ ತೋಕಿ ಕೈಶಾ, ಜಪಾನ್ ಅಂತ ಬರೆದಿದೆ. ಕೆಳಗೆ ನಾಲ್ಕಂಕಿಯ ಒಂದು ಸಂಖ್ಯೆ. 5ರಿಂದ ಶುರುವಾಗುತ್ತದೆ. ಹೆಸರು ಏನೂ ಇಲ್ಲ.

ಎರಡನೆಯದು ಒಂದು ಬಟ್ಟಲು. ಕೆರೆ, ಅದರ ಪಕ್ಕ ಮನೆ, ಮುಂದೆ ದೊಡ್ಡ ಮರ, ಹಿಂದೆ ಸಂಜೆಯ ಹಳದಿ ಆಕಾಶ. ಮಾಲೆಯೊಳಗೆ ಎಂ ಅಕ್ಷರ ಇದೆ. ಮೇಡ್ ಇನ್ ಜಪಾನ್ ಅಂತಿದೆ.

ಮೂರನೆಯದು ನೀಲಿ ಬಿಳಿ ಕಪ್. ಬಳ್ಳಿಗಳ ನಡುವೆ ಹಕ್ಕಿ. ಹಿಂದೆ ಮುದ್ರೆಯೇ ಇಲ್ಲ.

ಅಂಗಡಿಯವರು ತಟ್ಟೆ ತೋರಿಸಿ ‘ನಿಪ್ಪಾನ್ ಅಂತಿದ್ದರೆ 1921ಕ್ಕಿಂತ ಹಿಂದಿನದು, ನೂರು ವರ್ಷ ದಾಟಿದೆ’ ಅಂದರು. ಇದು ನಿಜವಾ? ವಿನ್ಯಾಸದ ಹೆಸರು ಕಂಡುಹಿಡಿಯೋದು ಹೇಗೆ? ಕಪ್ಪು ಐದೇ ಇವೆ, ಆರನೆಯದು ಹುಡುಕಬೇಕಾ? ಇದರಲ್ಲಿ ಊಟ ಮಾಡಬಹುದಾ ಅಥವಾ ಕಪಾಟಿನಲ್ಲಿ ಇಡೋದೇ ಒಳ್ಳೆಯದಾ?

---

ಕಿರಣ್_ಕೆ ಉತ್ತರ:

ಫೋಟೊ ತೆಗೆದು ಇಮೇಜ್ ಸರ್ಚ್‌ಗೆ ಹಾಕಿ ಮೇಡಂ. ಒಂದು ನಿಮಿಷದ ಕೆಲಸ.

---

ತಾಜಿಮಿ_ಶಾರದಾ ಉತ್ತರ:

ಕಿರಣ್, ಹಾಕಲಿ, ಬೇಡ ಅನ್ನೋಲ್ಲ. ಆದರೆ ಅದು ಹೂವು ನೋಡುತ್ತೆ, ಅಂಚು ನೋಡೋಲ್ಲ. ಈ ವಿಷಯದಲ್ಲಿ ಅಂಚೇ ಮುಖ್ಯ. ಅದಕ್ಕೆ ಆಮೇಲೆ ಬರ್ತೀನಿ.

ಸುಮಾ ಅವರೇ, ಮೊದಲು ಅಂಗಡಿಯವರ ಮಾತು. ಅವರು ಹೇಳಿದ ನಿಯಮ ನಿಜ. ಅದನ್ನು ಹಚ್ಚಿದ್ದು ಮಾತ್ರ ತಪ್ಪು ತಟ್ಟೆಗೆ.

ನಿಯಮ ಹುಟ್ಟಿದ್ದು ಅಮೆರಿಕದಲ್ಲಿ. ಹೊರಗಿಂದ ಬರುವ ಸಾಮಾನಿನ ಮೇಲೆ ಅದು ಯಾವ ದೇಶದ್ದು ಅಂತ ಬರೆದಿರಲೇಬೇಕು ಅಂತ ಅಲ್ಲಿ 1891ರಿಂದ ಕಾನೂನು ಬಂತು. ಜಪಾನಿನವರು ತಮ್ಮ ಭಾಷೆಯಲ್ಲಿ ದೇಶಕ್ಕಿರೋ ಹೆಸರನ್ನೇ, ನಿಪ್ಪಾನ್ ಅಂತ, ಬರೆದು ಕಳಿಸಿದರು. 1921ರಲ್ಲಿ ಅಮೆರಿಕದ ಸುಂಕದವರು ಅದನ್ನು ಒಪ್ಪೋದು ಬಿಟ್ಟರು, ಜಪಾನ್ ಅಂತಲೇ ಬರೀರಿ ಅಂದರು. ಹಾಗಾಗಿ ದೇಶದ ಹೆಸರಾಗಿ ಬರೀ ನಿಪ್ಪಾನ್ ಅಂತಿದ್ದರೆ ಅದು 1891 ಮತ್ತು 1921ರ ನಡುವಿನದು. ಅಲ್ಲಿವರೆಗೆ ಸರಿ.

ನಿಮ್ಮ ತಟ್ಟೆಯಲ್ಲಿರೋದು ದೇಶದ ಹೆಸರಲ್ಲ, ಕಂಪನಿಯ ಹೆಸರು. ನಿಪ್ಪಾನ್ ತೋಕಿ ಅನ್ನೋದು 1904ರಲ್ಲಿ ನೋರಿತಾಕೆ ಹಳ್ಳಿಯಲ್ಲಿ ಶುರುವಾದ ಕಾರ್ಖಾನೆ. ನೀವಿರುವ ನಾಗೋಯಾದ ಪಕ್ಕದಲ್ಲೇ ಇದ್ದ ಹಳ್ಳಿ ಅದು. ಈಗ ಊರೊಳಗೇ ಸೇರಿಹೋಗಿದೆ. ಕಂಪನಿ ತನ್ನ ಹೆಸರನ್ನು ನೋರಿತಾಕೆ ಅಂತ ಬದಲಾಯಿಸಿಕೊಂಡಿದ್ದು 1981ರಲ್ಲಿ. ಅಲ್ಲಿಯವರೆಗೆ ಹಳೆ ಹೆಸರು ಮುದ್ರೆಯಲ್ಲಿ ಬರುತ್ತಲೇ ಇತ್ತು. ನಿಮ್ಮ ಮುದ್ರೆಯಲ್ಲಿ ದೇಶದ ಹೆಸರು ಜಪಾನ್ ಅಂತ ಬೇರೆಯಾಗಿಯೇ ಇದೆ, ನೋಡಿ.

ಇನ್ನು ಮಾಲೆಯೊಳಗಿನ ಅಕ್ಷರ. ನನ್ನ ಕೈಗೆ ಯಾವ ತಟ್ಟೆ ಸಿಕ್ಕರೂ ಮೊದಲು ತಿರುಗಿಸಿ ನೋಡೋದು ಇದನ್ನೇ. ಹಳೆಯದರಲ್ಲಿ ಎಂ ಇರುತ್ತೆ. ಎಂ ಅಂದರೆ ಮೊರಿಮುರ. ಇಚಿಜೇಮೊನ್ ಮತ್ತು ತೊಯೊ ಅನ್ನೋ ಅಣ್ಣತಮ್ಮಂದಿರು 1876ರಲ್ಲಿ ವ್ಯಾಪಾರ ಶುರು ಮಾಡಿದರು. ಅಣ್ಣ ಇಲ್ಲಿ ಉಳಿದ, ತಮ್ಮ ನ್ಯೂಯಾರ್ಕಿಗೆ ಹೋಗಿ ಅಂಗಡಿ ಇಟ್ಟ. ಕಾರ್ಖಾನೆಯೆಲ್ಲ ಆಮೇಲಿನ ಮಾತು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾಲೆಯಲ್ಲಿ ಎಂ ಇತ್ತು. 1953ರಿಂದ ಅದೇ ಜಾಗಕ್ಕೆ ಎನ್ ಬಂತು. ಹಾಗಾಗಿ ನಿಮ್ಮ ತಟ್ಟೆ 1953 ಮತ್ತು 1981ರ ನಡುವಿನದು. ಆ ಬೂದು ಎಲೆ, ಬೆಳ್ಳಿಯಂಥ ಗೆರೆ ಎರಡೂ ಸೇರಿದ್ದನ್ನು ನೋಡಿದರೆ ನಾನು ಐವತ್ತು, ಅರವತ್ತರ ದಶಕ ಅಂತೀನಿ. ಅಂದಹಾಗೆ ಆ ಗೆರೆ ಬೆಳ್ಳಿ ಅಲ್ಲ, ಪ್ಲಾಟಿನಂ. ಬೆಳ್ಳಿಯಾಗಿದ್ದರೆ ಇಷ್ಟು ಹೊತ್ತಿಗೆ ಕಪ್ಪಾಗಿರುತ್ತಿತ್ತು.

ನೂರು ವರ್ಷ ಆಗಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ನನ್ನ ಮಟ್ಟಿಗೆ ಆ ಕಾಲದ ತಟ್ಟೆಗಳೇ ಚೆಂದ. ಯುದ್ಧಕ್ಕೆ ಮುಂಚಿನದರಲ್ಲಿ ಚಿನ್ನ ಮೆತ್ತಿ ಮೆತ್ತಿ ಇಟ್ಟಿರುತ್ತಾರೆ. ಕೊಳ್ಳುವವರು ಅಮೆರಿಕದವರು, ಅವರಿಗೆ ಅದೇ ಬೇಕಿತ್ತು. ಈ ಬೂದು ಎಲೆಯಲ್ಲಿ ಬಿಳಿ ಜಾಗ ಬಿಡೋ ಧೈರ್ಯ ಇದೆ.

ನಡುವಿನ ಎರಡು ಮುದ್ರೆ ಸಂತೆಯಲ್ಲಿ ನಿಮಗೆ ಸಿಗಬಹುದು, ಹೇಳಿಬಿಡ್ತೀನಿ. ಯುದ್ಧ ಮುಗಿದ ಹೊಸತರಲ್ಲಿ ಒಳ್ಳೆ ಕಚ್ಚಾಮಾಲು ಇರಲಿಲ್ಲ, ಪಳಗಿದ ಕೈಗಳೂ ಕಡಿಮೆಯಾಗಿದ್ದವು. ಹಳೆ ಗುಣಮಟ್ಟ ಬರೋವರೆಗೆ ನೋರಿತಾಕೆ ಹೆಸರು ಹಾಕೋದು ಬೇಡ ಅಂತ ಕಂಪನಿಯವರೇ ತೀರ್ಮಾನಿಸಿದರು. 1946ರಿಂದ ಸುಮಾರು ಎರಡು ವರ್ಷ ರೋಸ್ ಚೈನಾ ಅನ್ನೋ ಹೆಸರಲ್ಲಿ ಮಾರಿದರು, ಮುದ್ರೆಯಲ್ಲಿ ಗುಲಾಬಿ ಇರುತ್ತೆ. ಇನ್ನೊಂದು ಆಕ್ಯುಪೈಡ್ ಜಪಾನ್ ಅಂತ ಬರೆದದ್ದು. ಅಮೆರಿಕದ ಸೇನೆಯ ಆಡಳಿತ ಇದ್ದ ಕಾಲದ ರಫ್ತು ಮಾಲು ಅದು. ಆ ಆಡಳಿತ 1952ರ ಏಪ್ರಿಲ್‌ನಲ್ಲಿ ಮುಗಿಯಿತು. ಈ ಎರಡು ಪದ ಕಂಡ ಕೂಡಲೇ ಕೆಲವರು ಬೆಲೆ ಏರಿಸುತ್ತಾರೆ. ಆಗ ಹೊರಗೆ ಹೋದ ಮಾಲು ರಾಶಿ ರಾಶಿ ಇದೆ, ಅದಕ್ಕೋಸ್ಕರ ಜಾಸ್ತಿ ಕೊಡಬೇಡಿ.

ಈಗ ವಿನ್ಯಾಸದ ಹೆಸರು. ಆ ನಾಲ್ಕಂಕಿ ಸಂಖ್ಯೆಯೇ ನಿಮ್ಮ ವಿನ್ಯಾಸದ ಗುರುತು. ಅದು ಇಸವಿ ಅಲ್ಲ. ಕೆಲವು ಸಂಖ್ಯೆ ಇಸವಿಯ ಹಾಗೇ ಕಾಣುತ್ತವೆ, ಜನ ಅದನ್ನು ನಂಬಿಕೊಂಡು ಕೂರುತ್ತಾರೆ. ನೋರಿತಾಕೆ ಅಂತ ಬರೆದು ಪಕ್ಕದಲ್ಲಿ ಆ ಸಂಖ್ಯೆ ಹಾಕಿ ಹುಡುಕಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ರಿಪ್ಲೇಸ್‌ಮೆಂಟ್ಸ್ ಅನ್ನೋ ಕಂಪನಿ ಇದೆ. ಒಡೆದುಹೋದ ಸೆಟ್ಟುಗಳಿಗೆ ಬಿಡಿ ತಟ್ಟೆ ಮಾರೋದೇ ಅವರ ವ್ಯಾಪಾರ. ಅವರ ಪಟ್ಟಿಯಲ್ಲಿ ಚಿತ್ರ ಸಮೇತ ಸಿಗುತ್ತೆ. ಕೊಳ್ಳಬೇಕು ಅಂತೇನಿಲ್ಲ, ಗುರುತು ಹಿಡಿಯೋಕೆ ಸಾಕು.

ಸಂಖ್ಯೆಯೇ ಇಲ್ಲದ ತಟ್ಟೆ ಸಿಕ್ಕರೆ ಕಷ್ಟ ಶುರು. ಯುದ್ಧಕ್ಕೆ ಮುಂಚಿನ ಎಷ್ಟೋ ವಿನ್ಯಾಸಗಳಿಗೆ ಹಿಂದೆ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ. ಅಂಥವಕ್ಕೆ ಆ ಕಂಪನಿಯವರು ತಾವೇ ಒಂದು ಸಂಕೇತ ಕೊಟ್ಟು ಪಟ್ಟಿ ಮಾಡಿದ್ದಾರೆ. ಅದರಲ್ಲಿ ನಿಮ್ಮದನ್ನು ಹುಡುಕೋಕೆ ಕಣ್ಣು ಪಳಗಬೇಕು.

ಪಳಗಿಸೋದು ಹೀಗೆ. ಹೂವನ್ನು ನೋಡಲೇಬೇಡಿ. ಮೊದಲು ತಟ್ಟೆಯ ಹೊರ ಅಂಚು ನೋಡಿ. ನುಣ್ಣಗೆ ದುಂಡಗಿದೆಯಾ, ಅಲೆ ಅಲೆಯಾಗಿದೆಯಾ? ಅಗಲ ಅಂಚು ಇದೆಯಾ, ಅಥವಾ ಅಂಚೇ ಇಲ್ಲದೆ ಬಟ್ಟಲಿನ ಹಾಗೆ ಮೇಲೆ ಬಾಗಿದೆಯಾ? ಆಮೇಲೆ ಗೆರೆ. ಚಿನ್ನವೋ ಪ್ಲಾಟಿನಮ್ಮೋ, ಅಥವಾ ಗೆರೆಯೇ ಇಲ್ಲವೋ. ಅಗಲ ಅಂಚು ಮುಗಿದು ತಟ್ಟೆ ತಗ್ಗುವ ಜಾಗದಲ್ಲಿ ಇನ್ನೊಂದು ಗೆರೆ ಇದೆಯಾ? ತುಂಬ ಜನ ಈ ಒಳಗೆರೆಯಲ್ಲೇ ಸೋಲೋದು. ಎರಡು ವಿನ್ಯಾಸದಲ್ಲಿ ಎಲ್ಲಾ ಒಂದೇ ಥರ ಇದ್ದು, ಒಂದಕ್ಕೆ ಒಳಗೆರೆ ಇರುತ್ತೆ, ಇನ್ನೊಂದಕ್ಕೆ ಇರೋಲ್ಲ. ಅಷ್ಟಕ್ಕೇ ಸಂಖ್ಯೆ ಬೇರೆ. ಇವೆಲ್ಲ ಆದ ಮೇಲೆ ಹೂವು.

ಯಾಕೆ ಹೀಗೆ ಅಂದರೆ, ತಟ್ಟೆ ತಯಾರಾಗೋದು ಎರಡು ಹಂತದಲ್ಲಿ. ಮೊದಲು ಬಿಳಿ ತಟ್ಟೆ ಸುಟ್ಟು ಗ್ಲೇಸ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಾಕಿ ಮುಗಿಸುತ್ತಾರೆ. ಅದರ ಮೇಲೆ ಅಚ್ಚಾದ ಚಿತ್ರ ಅಂಟಿಸಿ, ಚಿನ್ನದ ಗೆರೆ ಎಳೆದು, ಸುಮಾರು 800 ಡಿಗ್ರಿಯಲ್ಲಿ ಮತ್ತೊಮ್ಮೆ ಸುಡುತ್ತಾರೆ. ಬಿಳಿ ತಟ್ಟೆಯ ಆಕಾರ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಒಂದೇ ಚಿತ್ರವನ್ನು ಬೇರೆ ಬೇರೆ ಆಕಾರದ ತಟ್ಟೆಗೆ ಅಂಟಿಸಬಹುದು. ಇಮೇಜ್ ಸರ್ಚ್ ಎಡವೋದು ಇಲ್ಲೇ. ಕಪ್ಪಿನ ಹಿಡಿಯೂ ಹಾಗೇ. ಹಿಡಿ ತುಂಬಿದೆಯಾ, ತೂತಿದೆಯಾ, ಮೇಲೆ ಹೆಬ್ಬೆರಳು ಇಡೋ ಮುಳ್ಳು ಇದೆಯಾ, ಕಪ್ಪಿಗೆ ಕೆಳಗೆ ಕಾಲು ಇದೆಯಾ. ಇದನ್ನೆಲ್ಲ ಬರೆದಿಟ್ಟುಕೊಳ್ಳಿ.

ಊಟದ ತಟ್ಟೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಟೈಲ್ಸ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವಳು ನಾನು, ಚಪ್ಪಟೆ ಸಾಮಾನು ಸುಡೋ ಕಷ್ಟ ಗೊತ್ತು. ಕಪ್ಪು, ಹೂದಾನಿ ಸುಲಭ. 25 ಸೆಂಟಿಮೀಟರಿನ ತಟ್ಟೆ ಒಲೆಯಲ್ಲಿ ನಡುವೆ ಕುಸಿದುಬಿಡುತ್ತೆ. 1904ರಲ್ಲಿ ಶುರುವಾದ ಕಾರ್ಖಾನೆಗೆ ಸಮತಟ್ಟಾದ ಬಿಳಿ ಊಟದ ತಟ್ಟೆ ಸಿದ್ಧಿಸೋಕೆ 1913 ಆಯ್ತು. ಮೊದಲ ಡಿನ್ನರ್ ಸೆಟ್ ಹೊರಗೆ ಬಂದಿದ್ದು 1914ರಲ್ಲಿ. ಆ ವಿನ್ಯಾಸದ ಹೆಸರು ಸೆಡಾನ್. ಒಂದು ತಟ್ಟೆಗೆ ಇಷ್ಟು ವರ್ಷ! ಇದೇ ಮಂದಿ 1917ರಲ್ಲಿ ಬಚ್ಚಲುಮನೆ ಸಾಮಾನಿಗೆ ಬೇರೆ ಕಂಪನಿ ಮಾಡಿದರು. ಇವತ್ತಿನ ತೋತೊ ಅದೇ. ನಿಮ್ಮ ಮನೆಯ ಕಮೋಡಿಗೂ ನಿಮ್ಮ ತಟ್ಟೆಗೂ ನೆಂಟಸ್ತನ ಇದೆ, ಊಟದ ಹೊತ್ತಲ್ಲಿ ನೆನಪು ಮಾಡ್ಕೋಬೇಡಿ.

ಅದಕ್ಕೇ ಸಂತೆಯಲ್ಲಿ ತಟ್ಟೆ ಕೊಳ್ಳುವಾಗ ಸಮತಟ್ಟಾದ ಮೇಜಿನ ಮೇಲೆ ಮಗುಚಿ ಇಟ್ಟು, ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಲೊಟಕ್ ಅಂತ ಆಡಿದರೆ ಬೇಡ. ಆಮೇಲೆ ಬೆಳಕಿಗೆ ಹಿಡಿದು ಹಿಂದೆ ಕೈ ಆಡಿಸಿ. ಪಿಂಗಾಣಿಯಾದರೆ ಬೆರಳ ನೆರಳು ಕಾಣುತ್ತೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ಉಲಿಯಬೇಕು. ಬೊಕ್ಕ ಸದ್ದು ಬಂದರೆ ಎಲ್ಲೋ ಕೂದಲೆಳೆ ಬಿರುಕು ಇದೆ, ಕಣ್ಣಿಗೆ ಕಾಣದಿದ್ದರೂ.

ಕೆರೆಯ ಬಟ್ಟಲಿಗೆ ಬರೋಣ. ಎಂ ಮಾಲೆ, ಮೇಡ್ ಇನ್ ಜಪಾನ್. ಅಂದರೆ 1921ರ ನಂತರ, ಯುದ್ಧಕ್ಕೆ ಮುಂಚೆ. ನೀವು ಹೇಳಿದ ಚಿತ್ರ ಟ್ರೀ ಇನ್ ದ ಮೆಡೋ ಅನ್ನೋ ವಿನ್ಯಾಸಕ್ಕೆ ಹೊಂದುತ್ತೆ. ಕೈಯಲ್ಲಿ ಬರೆದದ್ದು, ಹಾಗಾಗಿ ಎರಡು ಬಟ್ಟಲು ತದ್ರೂಪಾಗಿ ಇರೋಲ್ಲ. ಒಂದರಲ್ಲಿ ಮರ ಸೊಂಪಾಗಿ, ಇನ್ನೊಂದರಲ್ಲಿ ಬಡಕಲಾಗಿ. ಇದು ಅಮೆರಿಕದಿಂದ ವಾಪಸ್ ಬಂದ ಮಾಲೇ ಇರಬೇಕು. ಆ ಕಾಲದಲ್ಲಿ ಇಂಥವು ರಫ್ತಿಗೇ ತಯಾರಾಗುತ್ತಿದ್ದವು. ಇಲ್ಲಿನ ವ್ಯಾಪಾರಿಗಳು ಯುದ್ಧಕ್ಕೆ ಮುಂಚಿನ ಸಾಮಾನನ್ನು ‘ಓಲ್ಡ್ ನೋರಿತಾಕೆ’ ಅಂತ ಕರೀತಾರೆ, ಅಮೆರಿಕದಿಂದ ತರಿಸಿ ಇಲ್ಲಿ ಮಾರ್ತಾರೆ.

ಇದರ ಜೊತೆಗಾರ ಅಜೇಲಿಯಾ ಅನ್ನೋ ವಿನ್ಯಾಸ. ಗುಲಾಬಿ ಹೂಗೊಂಚಲು, ಚಿನ್ನದ ಅಂಚು, ಸಂಖ್ಯೆ 19322. ಅಮೆರಿಕದ ಬಫಲೋ ಊರಿನ ಲಾರ್ಕಿನ್ ಅನ್ನೋ ಸಾಬೂನು ಕಂಪನಿ ಗಿರಾಕಿಗಳಿಗೆ ಕೂಪನ್ ಕೊಡುತ್ತಿತ್ತು. ಸಾಬೂನು ಕೊಳ್ಳುತ್ತಾ ಕೂಪನ್ ಕೂಡಿಸಿದರೆ ತಟ್ಟೆ, ಕಪ್ಪು ಸಿಗೋದು. ಹಾಗಾಗಿ ಅಲ್ಲಿನ ಅಜ್ಜಿಯರ ಮನೆಗಳಲ್ಲಿ ಅದು ಬೇಕಾದಷ್ಟು ಇತ್ತು. ನನಗೆ ಅಷ್ಟೇನೂ ಇಷ್ಟ ಇಲ್ಲ. ಆದರೆ ಗುರುತು ಹಿಡಿಯೋದು ಕಲಿಯೋಕೆ ಅದಕ್ಕಿಂತ ಒಳ್ಳೆ ವಿನ್ಯಾಸ ಇಲ್ಲ.

ಹಕ್ಕಿ ಕಪ್ಪಿನ ಬಗ್ಗೆ ನಿಮ್ಮನ್ನೇ ಕೇಳಬೇಕು. ಹಕ್ಕಿಯ ತಲೆ ಯಾವ ಕಡೆ ಇದೆ? ಎದೆಯ ಮೇಲೆ ಚುಕ್ಕಿ ಇದೆಯಾ? ಕಪ್ಪಿನ ಬಾಯಿಯ ಹತ್ತಿರ ಅಂಚಿನ ಚಿತ್ತಾರ ಹೇಗಿದೆ?

ಕಪ್ಪು ಐದಿದ್ದರೆ ಆರನೆಯದು ಹುಡುಕಬೇಡಿ. ಜಪಾನಿನಲ್ಲಿ ಸೆಟ್ಟು ಅಂದರೆ ಐದು. ರಫ್ತಿನದ್ದು ಆರು, ಎಂಟು, ಹನ್ನೆರಡು. ಐದು ಕಪ್ಪು, ಐದು ಸಾಸರು ಇದ್ದರೆ ಅದು ಇಲ್ಲಿನ ಮನೆಯೊಂದಕ್ಕೆ ಅಂತಲೇ ಕೊಂಡ ಪೂರ್ತಿ ಸೆಟ್ಟು ಇರಬಹುದು.

---

ರಘು_ತೋಕ್ಯೊ ಉತ್ತರ:

ಶಾರದಕ್ಕ ಎಲ್ಲಾ ಹೇಳಿಬಿಟ್ಟರು, ನನಗೆ ಉಳಿದಿದ್ದು ಬರೀ ತಕರಾರು.

ಒಂದು, ಊಟದ ಪ್ರಶ್ನೆಗೆ ಅಕ್ಕ ಉತ್ತರ ಕೊಡಲಿಲ್ಲ. ಗ್ಲೇಸಿನ ಮೇಲೆ ಹಾಕುವ ಹಳೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಬಣ್ಣ ಕಡಿಮೆ ಶಾಖದಲ್ಲಿ ಕರಗಿ ಅಂಟಿಕೊಳ್ಳಲಿ ಅಂತ. ಹುಳಿ ತಾಗಿದರೆ ಅದು ಬಿಡುತ್ತದೆ. ನಿಂಬೆ, ಹುಣಸೆ, ವಿನೆಗರ್, ಟೊಮೆಟೊ ಯಾವುದಾದರೂ. ಒಳಗೆಲ್ಲ ಬಣ್ಣ ಬಳಿದ ಆ ಕೆರೆಯ ಬಟ್ಟಲಿನಲ್ಲಿ ಖಂಡಿತ ತಿನ್ನಬೇಡಿ. ಬಣ್ಣ ಗ್ಲೇಸಿನ ಮೇಲಿದೆಯೋ ಕೆಳಗಿದೆಯೋ ಅಂತ ಬೆರಳಾಡಿಸಿದರೆ ಗೊತ್ತಾಗುತ್ತದೆ. ಮೇಲಿದ್ದರೆ ಸಣ್ಣಗೆ ಉಬ್ಬು ತಾಗುತ್ತದೆ. ನೀಲಿ ಬಿಳಿ ಸಾಮಾನಿನಲ್ಲಿ ನೀಲಿ ಸಾಮಾನ್ಯವಾಗಿ ಗ್ಲೇಸಿನ ಕೆಳಗೆ ಇರುತ್ತದೆ.

ಎರಡು, ನೋರಿತಾಕೆ ಅಂದ ಕೂಡಲೇ ಜಪಾನ್ ಅಂದುಕೊಳ್ಳಬೇಡಿ. ಅವರಿಗೆ 1970ರ ದಶಕದಿಂದ ಶ್ರೀಲಂಕಾದಲ್ಲೂ ಕಾರ್ಖಾನೆ ಇದೆ. ಮುದ್ರೆಯಲ್ಲಿ ದೇಶದ ಹೆಸರು ಓದಿ. ಮಾಲು ಕೆಟ್ಟದ್ದು ಅಂತಲ್ಲ, ಜಪಾನಿನದ್ದು ಅಂತ ಬೆಲೆ ಕೊಡಬೇಡಿ ಅಷ್ಟೇ. ಇದರ ಉಲ್ಟಾ ಕೂಡ ಇದೆ. ನಾನು ಕೂಡಿಸೋದು ಮಿಕಾಸಾ. ಹೆಸರು ಜಪಾನಿನದು, ಕಂಪನಿ ಅಮೆರಿಕದ್ದು. ಜಾರ್ಜ್ ಅರಾತಾನಿ ಅನ್ನೋ ಜಪಾನಿ ಮೂಲದ ಅಮೆರಿಕನ್ ಕಟ್ಟಿದ್ದು. ಸ್ವಂತ ಒಲೆ ಇಲ್ಲದೆ ಜಪಾನಿನ ಬೇರೆ ಬೇರೆ ಕಾರ್ಖಾನೆಗಳಿಂದ ಮಾಡಿಸಿಕೊಂಡರು. ಅದಕ್ಕೆ ಮಿಕಾಸಾದಲ್ಲಿ ಒಂದು ತಟ್ಟೆ ತೆಳು ಪಿಂಗಾಣಿ, ಇನ್ನೊಂದು ಸ್ಟೋನ್‌ವೇರ್, ಅಂದರೆ ಕಲ್ಲಿನಂತೆ ಗಟ್ಟಿಯಾದ ದಪ್ಪ ಸಾಮಾನು. ಮುದ್ರೆ ನೋಡಿ ಕಾರ್ಖಾನೆ ಹೇಳೋಕೆ ಆಗಲ್ಲ.

ಮೂರು, ನಕಲಿ. ಬರೀ ನಿಪ್ಪಾನ್ ಅಂತಿರುವ ಹೂದಾನಿ, ಬಿಸ್ಕತ್ ಡಬ್ಬಿಗಳಲ್ಲಿ ಸುಳ್ಳು ಮುದ್ರೆ ತುಂಬ ಇವೆ. ಮಾಲೆಯೊಳಗೆ ಎಂ ಇರೋ ಜಾಗದಲ್ಲಿ ಮರಳು ಗಡಿಯಾರದ ಆಕಾರ ಕಂಡರೆ ಅಲ್ಲೇ ಇಟ್ಟು ಬನ್ನಿ. ಕೈಗೆ ಭಾರ, ಗೋಡೆ ದಪ್ಪ, ಚಿನ್ನ ಮಂಕು. ಊಟದ ತಟ್ಟೆಗಳಲ್ಲಿ ಈ ಕಾಟ ಅಷ್ಟಿಲ್ಲ. ಅದಕ್ಕೆ ಸಿಗೋ ಬೆಲೆಗೆ ನಕಲು ಮಾಡೋ ಶ್ರಮ ಯಾರಿಗೆ ಬೇಕು?

ಆರನೇ ಕಪ್ಪಿನ ಬಗ್ಗೆಯೂ ತಕರಾರು ಇದೆ ಅಕ್ಕ. ಸಿಕ್ಕರೆ ತಗೊಳ್ಳಲಿ ಬಿಡಿ. ಕಪ್ಪುಗಳೇ ಮೊದಲು ಒಡೆಯೋದು.

---

ತಾಜಿಮಿ_ಶಾರದಾ ಉತ್ತರ:

ರಘು ಹೇಳಿದ್ದು ಸರಿ, ಊಟದ ಪ್ರಶ್ನೆ ಬಾಕಿ ಇತ್ತು. ನನ್ನ ರೂಢಿ ಹೇಳ್ತೀನಿ. ಯುದ್ಧಕ್ಕೆ ಮುಂಚಿನದು ಕಪಾಟಿಗೆ. ನಂತರದ್ದು, ಅದರಲ್ಲೂ ನಡುವೆ ಬಿಳಿಯಾಗಿದ್ದು ಅಂಚಿಗೆ ಮಾತ್ರ ಚಿತ್ರ ಇರೋದು, ನಮ್ಮ ಮನೆಯಲ್ಲಿ ದಿನಾ ಬಳಕೆಗೆ. ಬರೀ ನೋಡೋಕೆ ಅಂತ ತಟ್ಟೆಯನ್ನು ಗೋಡೆಗೆ ತೂಗುಹಾಕೋದು ನನಗೆ ಹಿಡಿಸೋಲ್ಲ. ಹುಳಿ ಪದಾರ್ಥ ಹಾಕಿ ರಾತ್ರಿಯಿಡೀ ಮುಚ್ಚಿಡೋದು ಮಾತ್ರ ಯಾವ ಹಳೆ ತಟ್ಟೆಯಲ್ಲೂ ಬೇಡ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರ ಊಟಕ್ಕೆ ಹೊಸ ತಟ್ಟೆಯೇ ಇರಲಿ.

ಚಿನ್ನ ಅಥವಾ ಪ್ಲಾಟಿನಂ ಗೆರೆ ಇದ್ದದ್ದು ಮೈಕ್ರೋವೇವ್‌ಗೆ ಹೋಗಲೇಬಾರದು, ಕಿಡಿ ಹಾರುತ್ತೆ. ಡಿಶ್‌ವಾಷರ್‌ಗೂ ಬೇಡ, ಗೆರೆ ಸವೆದು ಹೋಗುತ್ತೆ. ತಟ್ಟೆ ಒಂದರ ಮೇಲೊಂದು ಜೋಡಿಸುವಾಗ ನಡುವೆ ಕಾಗದ ಇಡಿ. ತಟ್ಟೆಯ ಅಡಿಯಲ್ಲಿರೋ ಬಳೆಗೆ ಗ್ಲೇಸ್ ಇರೋಲ್ಲ, ಅದು ಕೆಳಗಿನ ತಟ್ಟೆಯ ಮುಖ ಗೀರುತ್ತೆ. ಕಪ್ಪುಗಳನ್ನು ಒಂದರೊಳಗೊಂದು ಇಡಬೇಡಿ.

ತಟ್ಟೆ ಮೇಲೆ ಬೂದು ಗೀರು ಕಂಡರೆ ಎಲ್ಲಾ ಸವೆತ ಅಲ್ಲ. ಚಾಕು, ಫೋರ್ಕಿನ ಲೋಹ ಗ್ಲೇಸಿಗೆ ಮೆತ್ತಿಕೊಂಡಿರುತ್ತೆ. ಪಾತ್ರೆ ತೊಳೆಯೋ ನುಣುಪು ಕ್ರೀಮ್ ಹಚ್ಚಿ ಮೆಲ್ಲಗೆ ಉಜ್ಜಿದರೆ ಹೋಗುತ್ತೆ. ಚಿತ್ರ, ಗೆರೆಯ ಹತ್ತಿರ ಮಾತ್ರ ಕೈ ಹಾಕಬೇಡಿ. ಇಂಥ ಗೀರು ಇದೆ ಅಂತ ಜನ ಬಿಟ್ಟುಹೋದ ಒಳ್ಳೆ ತಟ್ಟೆಗಳು ನನಗೆ ಸಿಕ್ಕಿವೆ.

ರಘು, ಆರನೇ ಕಪ್ಪು ತಗೊಳ್ಳಲಿ ಅಂತೀಯಲ್ಲ, ಸಾಸರ್ ಇಲ್ಲದ ಕಪ್ಪು ಮನೆಗೆ ಬಂದು ಕೂರುತ್ತೆ, ಆಮೇಲೆ ಸಾಸರ್ ಹುಡುಕಾಟ. ಹೀಗೇ ಕಪಾಟು ತುಂಬೋದು.

---

ಸುಮಾ_ನಾಗೋಯಾ ಉತ್ತರ:

ಶಾರದಕ್ಕ, ರಘು ಅವರೇ, ತುಂಬಾ ಥ್ಯಾಂಕ್ಸ್. ಸಂಖ್ಯೆ ಹಾಕಿ ಹುಡುಕಿದೆ, ತಟ್ಟೆಯ ಹೆಸರು ಸಿಕ್ಕಿತು. ಚಿತ್ರ ಪೂರ್ತಿ ಹೊಂದುತ್ತಿದೆ. ಹಿಡಿ ಕೂಡ. ಅದೇ ಚಿತ್ರ ಇರುವ ಇನ್ನೊಂದು ಸಂಖ್ಯೆಯೂ ಕಾಣಿಸಿತು. ಅದರಲ್ಲಿ ಎಲೆಯ ಜೊತೆ ಸಣ್ಣ ನೀಲಿ ಮೊಗ್ಗು ಇದೆ, ಅಂಚು ಚಿನ್ನ. ನೀವು ಹೇಳದಿದ್ದರೆ ಎರಡೂ ಒಂದೇ ಅಂದುಕೊಳ್ಳುತ್ತಿದ್ದೆ.

ಹಕ್ಕಿಯ ತಲೆ ಹಿಂದಕ್ಕೆ ತಿರುಗಿದೆ, ತನ್ನ ರೆಕ್ಕೆಯನ್ನೇ ನೋಡುವ ಹಾಗೆ. ಎದೆಯ ಮೇಲೆ ಚುಕ್ಕಿಗಳಿವೆ. ಬಾಯಿಯ ಹತ್ತಿರ ಮೋಡದ ಸುರುಳಿಯಂಥ ಚಿತ್ತಾರ.

ಇನ್ನೊಂದು ಪ್ರಶ್ನೆ. ಅದೇ ಬೂದು ಎಲೆಯ ವಿನ್ಯಾಸದಲ್ಲಿ ಮುಚ್ಚಳ ಇರುವ ದೊಡ್ಡ ಪಲ್ಯದ ಬಟ್ಟಲು ಆನ್‌ಲೈನ್ ಹರಾಜಿನಲ್ಲಿದೆ. ತಗೊಳ್ಳಲಾ? ಫೋಟೊದಲ್ಲಿ ಮುಚ್ಚಳ ಎತ್ತಲು ಹಿಡಿಯುವ ಗುಬ್ಬಿಯ ಹತ್ತಿರ ಸ್ವಲ್ಪ ಮಂಕಾಗಿ ಕಾಣುತ್ತಿದೆ.

---

ತಾಜಿಮಿ_ಶಾರದಾ ಉತ್ತರ:

ತಲೆ ಹಿಂದಕ್ಕೆ, ಎದೆಯಲ್ಲಿ ಚುಕ್ಕಿ, ಮೋಡದ ಸುರುಳಿ. ಹಾಗಾದರೆ ಅದು ಫೀನಿಕ್ಸ್ ಬರ್ಡ್. ಬೇಕಾದಷ್ಟು ಕಾರ್ಖಾನೆಗಳು ಮಾಡಿದ ವಿನ್ಯಾಸ ಅದು, ಮುದ್ರೆ ಇಲ್ಲದಿರೋದು ಮಾಮೂಲಿ. ತಲೆ ಮುಂದಕ್ಕಿದ್ದು ಎದೆ ಖಾಲಿಯಿದ್ದು ಅಂಚಿನಲ್ಲಿ ಹೃದಯದಂಥ ಆಕಾರ ಇದ್ದರೆ ಅದನ್ನು ಫ್ಲೈಯಿಂಗ್ ಟರ್ಕಿ ಅಂತಾರೆ. ಅಂಚಿನಲ್ಲಿ ಮಾತ್ರ ಜೋಡಿ ಹಕ್ಕಿ, ನಡುವೆ ಬಿಳಿ ಇದ್ದರೆ ಟ್ವಿನ್ ಫೀನಿಕ್ಸ್, ಅದು ನೋರಿತಾಕೆಯದು. ಹೋವೊ ಅಂತ ಇನ್ನೊಂದಿದೆ, ಅದರ ಹಿಂದೆ ಹೆಸರೇ ಬರೆದಿರುತ್ತೆ. ಇವೆಲ್ಲ ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಬೇರೆ. ಬಿಡಿಯಾಗಿ ಸಿಕ್ಕಾಗ ಎಲ್ಲಾ ನೀಲಿ ಹಕ್ಕಿ. ಮಾರೋರು ಯಾವ ಹೆಸರು ಬೇಕಾದರೂ ಅಂಟಿಸ್ತಾರೆ.

ಮುಚ್ಚಳದ ಬಟ್ಟಲು ಹರಾಜಿನಲ್ಲಿ ಬೇಡ. ಗುಬ್ಬಿಯ ಹತ್ತಿರ ಮಂಕು ಅಂದರೆ ಮುರಿದು ಅಂಟಿಸಿ ಮೇಲೆ ಬಣ್ಣ ಬಳಿದಿರಬಹುದು. ಕೈಯಲ್ಲಿ ಇದ್ದಿದ್ದರೆ ನೇರಳಾತೀತ ಬೆಳಕಿನ ಟಾರ್ಚು ಹಿಡಿದು ನೋಡಬಹುದಿತ್ತು. ಅಂಟು, ಹೊಸ ಬಣ್ಣ ಸುತ್ತಲಿನ ಗ್ಲೇಸಿಗಿಂತ ಬೇರೆಯಾಗಿ ಹೊಳೆಯುತ್ತೆ. ಫೋಟೊದಲ್ಲಿ ಅದು ಹೇಗೆ ಗೊತ್ತಾಗಬೇಕು? ಮಾರುವವರಿಗೆ ಬರೆದು, ಗುಬ್ಬಿಯದ್ದೇ ಹತ್ತಿರದ ಫೋಟೊ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಇನ್ನೊಂದು ಸಿಗುತ್ತೆ, ಅಪರೂಪದ ವಿನ್ಯಾಸ ಅಲ್ಲ ಅದು.

ನೀಲಿ ಮೊಗ್ಗಿನದ್ದನ್ನು ಇದರ ಜೊತೆ ಬೆರೆಸಬೇಡಿ ಅಂತ ಹೇಳೋಕೆ ಹೊರಟಿದ್ದೆ. ಬೇಡ, ನಿಮ್ಮ ತಟ್ಟೆ, ನಿಮ್ಮ ಇಷ್ಟ. ನಾನಾಗಿದ್ದರೆ ಬೆರೆಸುತ್ತಿರಲಿಲ್ಲ.

---

ರಘು_ತೋಕ್ಯೊ ಉತ್ತರ:

ಆನ್‌ಲೈನ್‌ನಲ್ಲಿ ಏನೇ ಕೊಂಡರೂ ಮಾರುವವರಿಗೆ ಒಂದು ಸಾಲು ಬರೆಯಿರಿ: ತಟ್ಟೆಗಳನ್ನು ಪೆಟ್ಟಿಗೆಯಲ್ಲಿ ಮಲಗಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಜೋಡಿಸಿ. ಮಲಗಿಸಿದರೆ ಮೇಲಿನ ಭಾರವೆಲ್ಲ ಕೆಳಗಿನ ತಟ್ಟೆಯ ನಡುವಿಗೆ ಬೀಳುತ್ತದೆ. ಮುಚ್ಚಳ ಬೇರೆ, ಬಟ್ಟಲು ಬೇರೆ ಸುತ್ತಬೇಕು.

ತೋಕ್ಯೊಗೆ ಬಂದರೆ ಇಂಟರ್‌ನ್ಯಾಷನಲ್ ಫೋರಂ ಅಂಗಳದ ಓಎದೊ ಸಂತೆಗೆ ಹೋಗಿ. ಸಾಮಾನ್ಯವಾಗಿ ಮೊದಲ ಮತ್ತು ಮೂರನೇ ಭಾನುವಾರ. ಕ್ಯೋತೊದಲ್ಲಿ ತೋಜಿ ದೇವಸ್ಥಾನದ್ದು 21ಕ್ಕೆ, ಕಿತಾನೊ ತೆನ್‌ಮಾನ್‌ಗೂನಿನದ್ದು 25ಕ್ಕೆ. ಓಸುಗಿಂತ ಬೆಲೆ ಜಾಸ್ತಿ ಅನಿಸಬಹುದು, ಚೌಕಾಸಿ ಮಾಡಿ. ಮಧ್ಯಾಹ್ನದ ಮೇಲೆ, ಅವರು ಗಂಟು ಕಟ್ಟೋ ಹೊತ್ತಿಗೆ ಕೇಳಿದರೆ ಬಿಡ್ತಾರೆ.

---

ತಾಜಿಮಿ_ಶಾರದಾ ಉತ್ತರ:

ಸುಮಾ, ಇಷ್ಟೆಲ್ಲ ಊರು ಸುತ್ತೋಕೆ ಮುಂಚೆ ನಿಮ್ಮೂರಿನ ನೋರಿತಾಕೆ ನೊ ಮೊರಿಗೆ ಹೋಗಿ ಬನ್ನಿ. ನಾಗೋಯಾ ಸ್ಟೇಷನ್ನಿಂದ ನಡೆದೇ ಹೋಗಬಹುದು. 1904ರ ಕೆಂಪು ಇಟ್ಟಿಗೆಯ ಕಾರ್ಖಾನೆ ಕಟ್ಟಡ ಇನ್ನೂ ಇದೆ. ಅಲ್ಲಿನ ಮ್ಯೂಸಿಯಂನಲ್ಲಿ ಹಳೆ ಡಿನ್ನರ್ ಸೆಟ್ಟುಗಳನ್ನು ಸಾಲಾಗಿ ಜೋಡಿಸಿದ್ದಾರೆ, ಸೆಡಾನ್ ಕೂಡ ಸೇರಿ. ಮೇಲಿನಿಂದ ನೋಡಿ ಬರಬೇಡಿ. ಗಾಜಿನ ಪಕ್ಕ ಬಗ್ಗಿ, ತಟ್ಟೆಯ ಅಂಚಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಎಷ್ಟು ಸಮತಟ್ಟಾಗಿದೆ ಅಂತ ಆಗ ಗೊತ್ತಾಗುತ್ತೆ.

ಕೆಲಸಗಾರರು ಕೈಯಲ್ಲಿ ಬಣ್ಣ ಹಾಕೋದನ್ನೂ ತೋರಿಸ್ತಾರೆ. ಗೆರೆ ಎಳೆಯೋದು ಕಂಡರೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ. ಹೋಗೋ ಮುಂಚೆ ನಿಮ್ಮ ತಟ್ಟೆಯ ಅಡ್ಡಳತೆ ಬರೆದುಕೊಂಡು ಹೋಗಿ. ನೀವು ಊಟದ ತಟ್ಟೆ ಅಂದುಕೊಂಡಿರೋದು ಲಂಚನ್ ತಟ್ಟೆ, ಅಂದರೆ ಮಧ್ಯಾಹ್ನದ ಲಘು ಊಟದ ಸಣ್ಣ ತಟ್ಟೆಯೂ ಇರಬಹುದು. ಊಟದ್ದು 26 ಸೆಂಟಿಮೀಟರಿನ ಆಸುಪಾಸು, ಲಂಚನ್ನಿನದು 22ರ ಆಸುಪಾಸು. ಬಿಡಿ ತಟ್ಟೆ ಹುಡುಕುವಾಗ ಈ ಅಳತೆ ಕೈಯಲ್ಲಿ ಇರಲೇಬೇಕು.